ಯಾವ ಮೀಟರ್ ಕೊಳ್ಳಲಿ ಎಂದು ಕೇಳಿದ್ದೀಯ

ಮಂಗಳವಾರ, ಬೆಳಿಗ್ಗೆ

ನನ್ನ ಕುಳ್ಳಿಗೆ ಅಮ್ಮನ ಪ್ರೀತಿ.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ಕೈ ತಡೆದೆ. ಮೊದಲ ಸಾಲಿನಲ್ಲೇ ಸುಳ್ಳು ಬರೆದರೆ ಉಳಿದದ್ದನ್ನು ನೀನು ನಂಬುವುದು ಹೇಗೆ?

ಐದು ವರ್ಷದ ಮೇಲೆ ಮತ್ತೆ ಸ್ಟ್ರಾಬೆರಿ ಹಾಕುತ್ತಿದ್ದೀಯ ಎಂದು ಓದಿ ಜೀವ ತಂಪಾಯಿತು. ಗಿಡಕ್ಕೆ ಬಿಡುವ ನೀರಿನ ಹುಳಿ ಅಳೆಯಲು ಯಾವ ಪಿಎಚ್ ಮೀಟರನ್ನು ನಂಬಬಹುದು ಎಂದು ಕೇಳಿದ್ದೀಯ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಎರಡು ಸಾಲು ಬರೆದು ಮುಗಿಸುತ್ತಿದ್ದೆನೇನೋ. ಅಪ್ಪನ ಹಾಗೆ ಕಣ್ಣಂದಾಜಿನಲ್ಲಿ ಆ್ಯಸಿಡ್ ಸುರಿಯುವವಳಲ್ಲ ನಾನು ಎಂದು ಕೊನೆಗೆ ಸೇರಿಸಿದ್ದೀಯ. ಆ ಒಂದು ಸಾಲಿನಿಂದಾಗಿ ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ.

ಮೊದಲು ಮೀಟರಿನ ವಿಷಯ. ಪೆನ್ನಿನಂಥ ಚಿಕ್ಕದಾದರೂ ಸರಿ, ನೀರಿಗೆ ಅದ್ದುವ ತುದಿಯ ಪ್ರೋಬ್ ಬಿಚ್ಚಿ ಹೊಸದು ಹಾಕಲು ಬರಬೇಕು. ಅದರ ಗಾಜಿನ ಗುಳ್ಳೆಗೆ ಆಯಸ್ಸು ಒಂದೂವರೆ, ಎರಡು ವರ್ಷ ಅಷ್ಟೇ. ಚುಕ್ಕಿಯ ಮುಂದೆ ಎರಡು ಅಂಕಿ ತೋರಿಸುತ್ತದೆ ಎಂದು ಅಂಗಡಿಯವನು ಹೊಗಳಿದರೆ ಮರುಳಾಗಬೇಡ. ಅಂಕಿ ಎಷ್ಟಿದ್ದರೇನು, ಸರಿಯಿರಬೇಕಲ್ಲ. ನೀರಿನ ಬಿಸಿ ತಂಪಿಗೆ ಅದು ತಾನೇ ಹೊಂದಿಕೊಳ್ಳಬೇಕು. ನೀರಿಗೆ ಬಿದ್ದರೆ ಕೆಡಬಾರದು. ನಿನ್ನ ಕೈಯಿಂದ ಜಾರದ ವಸ್ತು ಇನ್ನೂ ಹುಟ್ಟಿಲ್ಲ. ಆಗಾಗ ಪಿಎಚ್ ಗೊತ್ತಿರುವ ನಾಲ್ಕರ ದ್ರಾವಣದಲ್ಲೂ ಏಳರ ದ್ರಾವಣದಲ್ಲೂ ಅದ್ದಿ ಪರೀಕ್ಷಿಸು. ಒಂದರಲ್ಲಿ ಮಾತ್ರ ನೋಡಿ ಸಮಾಧಾನ ಪಟ್ಟುಕೊಳ್ಳಬೇಡ. ಸಾಧ್ಯವಾದರೆ ಎರಡು ಮೀಟರ್ ಕೊಳ್ಳು, ಒಂದು ತಪ್ಪಿದರೆ ಇನ್ನೊಂದು ಹೇಳುತ್ತದೆ.

ಮುಖ್ಯವಾದದ್ದು ಬೇರೆ ಇದೆ. ಪ್ರೋಬಿನ ಮುಚ್ಚಳದೊಳಗೆ ನಾಲ್ಕು ಹನಿ ನೀರಿನಂಥದ್ದು ಇರುತ್ತದೆ. ಸುತ್ತ ಬಿಳಿ ಉಪ್ಪು ಕಟ್ಟಿಕೊಂಡು, ಯಾರೋ ತೊಳೆಯದೆ ಇಟ್ಟ ಹಾಗೆ ಕಾಣುತ್ತದೆ. ಅದನ್ನು ಚೆಲ್ಲಬೇಡ. ಗಾಜಿನ ಗುಳ್ಳೆ ಯಾವಾಗಲೂ ಆ ಉಪ್ಪುನೀರಿನಲ್ಲಿ ನೆನೆದಿರಬೇಕು. ಒಣಗಿದರೆ ಮೀಟರ್ ಬಾಯಿಗೆ ಬಂದದ್ದು ಹೇಳುತ್ತದೆ.

ನಾನು ಚೆಲ್ಲಿದ್ದೆ, ಕುಳ್ಳಿ.

ನನ್ನ ಸ್ವಚ್ಛತೆಯ ಹುಚ್ಚು ನಿನಗೆ ಗೊತ್ತಲ್ಲ. ಅಮ್ಮ ಸೋಪನ್ನೂ ಸೋಪು ಹಾಕಿ ತೊಳೆಯುತ್ತಾಳೆ ಎಂದು ಗೇಲಿ ಮಾಡುತ್ತಿದ್ದವಳು ನೀನೇ. ಐದು ವರ್ಷದ ಹಿಂದೆ ನಮ್ಮ ಮನೆಗೆ ಮೀಟರ್ ಬಂದ ದಿನವೇ ಮುಚ್ಚಳ ತೊಳೆದು ಒಣಗಿಸಿದೆ. ಪ್ರತಿ ಸಂಜೆ ಗುಳ್ಳೆಯನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಕನ್ನಡಕದ ಹಾಗೆ ಡಬ್ಬಿಯಲ್ಲಿಟ್ಟು ಡ್ರಾಯರಿಗೆ ಹಾಕುತ್ತಿದ್ದೆ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಹಾಗಾಯಿತು. ಮೂರನೇ ವಾರಕ್ಕೆ ಅದು ಏಳರ ಹತ್ತಿರ ನಿಂತುಬಿಟ್ಟಿತು, ಆ್ಯಸಿಡ್ ಎಷ್ಟು ಬೆರೆಸಿದರೂ ಕೆಳಗಿಳಿಯಲಿಲ್ಲ. ಏಳರ ದ್ರಾವಣದಲ್ಲಿ ಅದ್ದಿದೆ, ಏಳೇ ತೋರಿಸಿತು, ಸರಿಯಿದೆ ಎಂದುಕೊಂಡೆ. ಗಿಡ ಬೆಳೆಸುವ ನಮ್ಮ ಗಾಜಿನ ಮನೆಯಲ್ಲಿ ಅಂಕಿ ಓದುವವಳು ನಾನು, ಆ್ಯಸಿಡ್ ಬೆರೆಸುವವರು ನಿಮ್ಮಪ್ಪ. ಇನ್ನೂ ಇಳಿದಿಲ್ಲ, ಇನ್ನೂ ಇಳಿದಿಲ್ಲ ಎಂದು ನಾನು ಹೇಳುತ್ತಾ ಹೋದೆ, ಅವರು ಬೆರೆಸುತ್ತಾ ಹೋದರು.

ಕಣ್ಣಂದಾಜು ಎಂದೆಯಲ್ಲ, ಕೇಳು. ಒಂದು ಗಿಡ ಕಿತ್ತು ತಂದು, ಕಂದು ತಿರುಗಿದ ಬೇರನ್ನು ನನ್ನ ಮುಂದೆ ಹಿಡಿದು, ‘ನೀರು ಸುಡ್ತಾ ಇದೆ ಕಣೇ, ಆ್ಯಸಿಡ್ ಸಾಕು’ ಅಂದವರು ಅವರು. ‘ಮೀಟರಿಗಿಂತ ನಿಮಗೆ ಜಾಸ್ತಿ ಗೊತ್ತಾ?’ ಅಂದವಳು ನಾನು. ಅವರು ಹೋಗಿ ಬೆರೆಸಿದರು. ಹತ್ತು ದಿನದಲ್ಲಿ ಅಷ್ಟೂ ಗಿಡ ಹೋದವು. ಎಂಟು ವರ್ಷ ಆರಿಸಿ ಆರಿಸಿ ನೀನು ಉಳಿಸಿಕೊಂಡಿದ್ದ ನಿನ್ನ ಸ್ವಂತ ತಳಿಯ ತಾಯಿಗಿಡಗಳೂ ಅದರಲ್ಲೇ ಇದ್ದವು.

ಮೀಟರನ್ನು ರಿಪೇರಿಯವನ ಹತ್ತಿರ ಒಯ್ದೆ. ಅವನು ಭೂತಗನ್ನಡಿಯಲ್ಲಿ ನೋಡಿ, ‘ಇದನ್ನ ಒಣಗಿಸಿ ಇಟ್ಟೋರು ಯಾರಮ್ಮ? ಯಾವಾಗ್ಲೋ ಸತ್ತೋಗಿದೆ’ ಅಂದ. ಮನೆಗೆ ಬಂದರೆ ನೀನು ಅಡುಗೆಮನೆಯಲ್ಲಿ ಅಪ್ಪನ ಮೇಲೆ ಕೂಗಾಡುತ್ತಿದ್ದೆ. ನನ್ನನ್ನು ಕಂಡು, ಮೀಟರ್ ಸರಿಯಿತ್ತಾ ಎಂದು ಕೇಳಿದೆ. ನಾನು ಚೀಲ ಕೆಳಗಿಡುತ್ತಾ, ಸರಿಯಿದೆಯಂತೆ ಅಂದೆ. ಹಾಗೆ ಅವರ ತಲೆಯ ಮೇಲೆ ಗೂಬೆ ಕೂರಿಸಿದೆ. ಮೀಟರ್ ಸರಿಯಿದ್ದರೆ ತಪ್ಪಿದ್ದು ತಮ್ಮ ಅಳತೆಯೇ ಇರಬೇಕು ಎಂದು ಅವರೂ ನಂಬಿದರು.

ಮಾರನೇ ಬೆಳಿಗ್ಗೆ ನಿಜ ಹೇಳೋಣ ಎಂದುಕೊಂಡು ಎದ್ದರೆ ನೀನು ಮನೆ ಬಿಟ್ಟು ಹೊರಟುಹೋಗಿದ್ದೆ. ಫೋನಿನಲ್ಲಿ ಹೇಳೋಣ, ಬಂದಾಗ ಹೇಳೋಣ ಎನ್ನುತ್ತಾ ಐದು ವರ್ಷ ತಳ್ಳಿದೆ. ನೀನು ನನ್ನನ್ನೂ ಬಿಟ್ಟುಬಿಟ್ಟರೆ ಎಂಬ ಭಯ. ಇದಕ್ಕೆ ಹೇಡಿತನ ಅನ್ನದೆ ಬೇರೆ ಹೆಸರಿಲ್ಲ.

ಈಗ ಅಪ್ಪನ ಮರೆವು ಬಹಳ ಹೆಚ್ಚಾಗಿದೆ. ಊಟ ಮಾಡಿದ್ದು ನೆನಪಿರುವುದಿಲ್ಲ. ನನ್ನನ್ನೇ ಕೆಲವು ಸಲ ನರ್ಸ್ ಅಂದುಕೊಂಡು ‘ಬನ್ನಿ, ಕೂತ್ಕೊಳ್ಳಿ’ ಅನ್ನುತ್ತಾರೆ. ಮದುವೆಯಾಗಿ ನಲವತ್ತು ವರ್ಷಕ್ಕೆ ಆ ಮರ್ಯಾದೆಯೂ ಸಿಕ್ಕಿತು. ಎಲ್ಲ ಅಳಿಸಿಹೋದರೂ ಒಂದು ಮಾತ್ರ ಅಳಿಸಿಲ್ಲ. ಮಗುವಿನ ಗಿಡ ಎಲ್ಲ ನಾನೇ ಸಾಯಿಸಿಬಿಟ್ಟೆ ಎಂದು ದಿನಾ ಹೇಳುತ್ತಾರೆ. ಹೋದ ತಿಂಗಳು ತಡೆಯಲಾರದೆ ಎದುರು ಕುಳಿತು ಎಲ್ಲ ಹೇಳಿದೆ: ಮುಚ್ಚಳ, ಬಟ್ಟೆ, ರಿಪೇರಿಯವನು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈ ಸವರಿ, ‘ನನ್ನ ಸಮಾಧಾನಕ್ಕೆ ನೀನ್ಯಾಕೆ ತಪ್ಪು ಮೈಮೇಲೆ ಹಾಕ್ಕೊಳ್ತೀಯ, ಬಿಡು’ ಅಂದರು. ನಾಲ್ಕು ಸಲ ಹೇಳಿದೆ, ನಾಲ್ಕು ಸಲವೂ ಅದೇ ಉತ್ತರ. ನನ್ನ ಕೈಲಿ ಇನ್ನೇನೂ ಉಳಿದಿಲ್ಲ, ಕುಳ್ಳಿ.

ನಿನ್ನ ಬಾಯಿಂದ ಕೇಳಿದರೆ ಅವರು ನಂಬಬಹುದು, ನಂಬದೆಯೂ ಇರಬಹುದು. ಚಳಿಗಾಲ ಕಳೆಯುವಷ್ಟರಲ್ಲಿ ಯಾರ ಗುರುತೂ ಹತ್ತಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನನ್ನನ್ನು ನೋಡಲು ಬಾ ಎನ್ನಲು ನನಗೆ ಮುಖವಿಲ್ಲ. ಬೇಕಾದರೆ ಆ ದಿನ ನಾನು ಹೊರಗೆ ಹೋಗಿರುತ್ತೇನೆ. ಅವರನ್ನು ನೋಡಿ ಹೋಗು.

ನಿನ್ನ
ಅಮ್ಮ

ತಾ.ಕ.: ನೀನು ಬಂದರೆ ಹೇಗೂ ಗೊತ್ತಾಗುತ್ತದೆ, ನಾನೇ ಹೇಳಿಬಿಡುತ್ತೇನೆ. ಮಗಳ ಕೋಪ ಇಳಿಯಿತಾ ಎಂದು ಅವರು ಕೇಳಿ ಕೇಳಿ ಸೊರಗುವುದನ್ನು ನೋಡಲಾರದೆ, ಹೋದ ವಾರ ನಿನ್ನ ಹೆಸರಿನಲ್ಲಿ ನಾನೇ ಒಂದು ಕಾಗದ ಬರೆದು ಓದಿದೆ. ಅಪ್ಪ, ನೀನು ಮಾಡಿದ ತಪ್ಪನ್ನು ಕ್ಷಮಿಸಿದ್ದೇನೆ ಎಂದು ಅದರಲ್ಲಿ ಬರೆದಿದ್ದೆ. ತುಂಬ ಹೊತ್ತು ಅತ್ತರು. ಈಗ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮನೆಗೆ ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ: ‘ತಪ್ಪು ನಂದೇ, ಆದ್ರೂ ನನ್ನ ಮಗಳು ಕ್ಷಮಿಸಿದ್ಲು ನೋಡಿ.’