ಜಡೆ ಹಾಕಿದರೆ ಕುಂಟದ ದೊರೆಸಾನಿ

ಭಾನುವಾರ, ಮಾರ್ಚ್ ೯

ಮುದ್ದಿನ ಚಿನಕುರುಳಿಗೆ,

ಅಕ್ಕ ಮಾಡುವ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಪತ್ರ ಬಂದು ತಿಂಗಳಾಯ್ತು, ಅಕ್ಕ ಉತ್ತರವನ್ನೇ ಬರೆದಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರ್ತೀಯ, ಗೊತ್ತು. ಏನು ಮಾಡಲಿ, ನೀನು ಕೇಳಿದ ಪ್ರಶ್ನೆ ಅಂಥದ್ದು. "ನಮ್ಮ ದೊರೆಸಾನಿ ಇನ್ನೊಂದು ವರ್ಷ ಪ್ರದರ್ಶನದಲ್ಲಿ ಬೇಲಿ ಹಾರ್ತಾಳಲ್ವಾ ಅಕ್ಕ?" ಅಂತ ಒಂದೇ ಸಾಲಲ್ಲಿ ಕೇಳಿಬಿಟ್ಟೆ. ಉತ್ತರ ಹುಡುಕೋಕೆ ನಾನು ಬೂಸಾ ಮೂಟೆ ಹಿಂದೆ ಅಡಗಿ ಕೂರಬೇಕಾಯ್ತು. ತಮಾಷೆಯಲ್ಲ, ಕೇಳು.

ಚಳಿ ಶುರುವಾದಾಗಿನಿಂದ ಅವಳ ಮುಂದಿನ ಎಡಗಾಲು ಯಾಕೋ ಸರಿಯಿಲ್ಲ ಅಂತ ನನಗೆ ಅನುಮಾನ. ಕುದುರೆಗೆ ಹತ್ತೊಂಬತ್ತು ವರ್ಷ ಅಂದ್ರೆ ಸುಮ್ಮನೆ ಅಲ್ಲ. ಪಶುವೈದ್ಯರನ್ನ ಕರೆಸಿದೆವು. ಬರೋರು ಡಾಕ್ಟರು ತಾನೇ, ಅವಳು ಅಚ್ಚುಕಟ್ಟಾಗಿರಲಿ ಅಂತ ನಿನ್ನ ಭಾವ ಬೆಳಗ್ಗೆಯೇ ಅವಳ ಮೈ ತಿಕ್ಕಿ, ಕತ್ತಿನ ಕೂದಲಿಗೆ ಸಾಲಾಗಿ ಜಡೆ ಹಾಕಿ ನಿಲ್ಲಿಸಿದ್ದರು, ಥೇಟ್ ಪ್ರದರ್ಶನಕ್ಕೆ ಹೊರಟ ಹಾಗೆ. ಅಲ್ಲೇ ಎಡವಟ್ಟಾಗಿದ್ದು. ಜಡೆ ಬಿತ್ತು ಅಂದ್ರೆ ಅವಳ ಗತ್ತು ನಿನಗೆ ಗೊತ್ತಲ್ಲ. ಕಲ್ಲುಹಾಸಿನ ಮೇಲೆ ಓಡಿಸಿದರೆ ಟಕಟಕ ಅಂತ ಹೋದಳು, ಒಂದು ಹೆಜ್ಜೆ ತಪ್ಪಲಿಲ್ಲ. ಡಾಕ್ಟರು "ಇನ್ನೂ ಎರಡು ವರ್ಷ ಧಾರಾಳವಾಗಿ ಹಾರಿಸಬಹುದು" ಅಂದುಬಿಟ್ಟರು. ನಿನ್ನ ಭಾವ ತಾವೇ ಪರೀಕ್ಷೆ ಪಾಸಾದ ಹಾಗೆ ಬೀಗಿದರು.

ನನಗೆ ಸಮಾಧಾನವಾಗಲಿಲ್ಲ. ಜಡೆ ಬಿಚ್ಚಿ, ಹೊರಗೆ ಬಿಟ್ಟು, ಮೇವಿನ ಕೋಣೆಯ ಕಿಟಕಿಯಿಂದ ಇಣುಕಿದೆ. ಯಾರೂ ನೋಡ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮಹಾತಾಯಿ ಕುಂಟೋಕೆ ಶುರು ಮಾಡಿದಳು. ನೆಲದ ಮೇಲೆ ಒಂದು ಕೋಲು ಬಿದ್ದಿತ್ತು. ಅದನ್ನ ದಾಟೋಕೂ ನಿಂತು ಯೋಚನೆ ಮಾಡಿ, ಕೊನೆಗೆ ಸುತ್ತು ಹಾಕಿಕೊಂಡು ಹೋದಳು ಕಣೇ. ಎದೆಯೆತ್ತರದ ಬೇಲಿ ಹಾರಿದವಳು.

ಡಾಕ್ಟರಿಗೆ ಹೇಳಿದರೆ ನಂಬಲಿಲ್ಲ. "ಕುದುರೆ ನಾಟಕ ಆಡುತ್ತೇನಮ್ಮಾ?" ಅಂತ ನಕ್ಕರು. ನಾನು ಬಿಡ್ತೀನಾ? ಕಾರು ರಸ್ತೆಯಲ್ಲೇ ಬಿಟ್ಟು, ಬಿಳಿ ಕೋಟು ತೆಗೆದಿಟ್ಟು, ಸದ್ದಿಲ್ಲದೆ ಬನ್ನಿ ಅಂದೆ. ಬಂದರು, ಪಾಪ. ಇಬ್ಬರೂ ಬೂಸಾ ಮೂಟೆಗಳ ಹಿಂದೆ ಕುಕ್ಕರುಗಾಲಲ್ಲಿ ಕೂತೆವು. ನಿನ್ನ ಭಾವ ಬಾಗಿಲಿಗೆ ಬಂದು, ನಮ್ಮಿಬ್ಬರನ್ನ ನೋಡಿ, ಏನೂ ಕೇಳದೆ ವಾಪಸ್ ಹೋದರು. ಆ ಮುಖ ನೀನು ನೋಡಬೇಕಿತ್ತು. ದೊರೆಸಾನಿ ಕುಂಟೋದನ್ನ ಡಾಕ್ಟರು ಕಣ್ಣಾರೆ ಕಂಡರು. ಅಷ್ಟರಲ್ಲಿ ಬೂಸಾ ಧೂಳಿಗೆ ಅವರಿಗೊಂದು ಸೀನು ಬಂತು ನೋಡು, ಇವಳು ಕಿವಿ ನಿಗುರಿಸಿ, ಕತ್ತೆತ್ತಿ, ಫೋಟೋಗೆ ನಿಂತ ಹಾಗೆ ನಿಂತುಬಿಟ್ಟಳು. ನಕ್ಕು ನಕ್ಕು ನಮಗೆ ಸಾಕಾಗಿ ಹೋಯ್ತು.

ಆಮೇಲೆ ಅವರು ಕಾಲು ಒತ್ತಿ, ಮಡಚಿ ನೋಡಿದರು. ರೋಗ ಏನಲ್ಲವಂತೆ, ಕೀಲು ಸವೆದಿದೆಯಂತೆ. ನಿಧಾನಕ್ಕೆ ನಡೆಸಿ, ಬೇಕಾದರೆ ಸಣ್ಣ ಮಕ್ಕಳನ್ನ ಕೂರಿಸಿ, ಹಾರಿಸೋದು ಮಾತ್ರ ಸಾಕು ಅಂದರು. ನಿನ್ನ ಪರವಾಗಿ ಒಂದೇ ಒಂದು ಪ್ರದರ್ಶನಕ್ಕೆ ಗೋಗರೆದೆ. "ನೀವು ಹಾರು ಅಂದ್ರೆ ಹಾರ್ತಾಳೆ. ಆಗಲ್ಲ ಅನ್ನೋದು ಅವಳಿಗೆ ಬರಲ್ಲ. ಅದಕ್ಕೇ ನೀವು ಕೇಳಬಾರದು" ಅಂದರು.

ಹಾಗಾಗಿ ಈ ಸಲ ಅವಳ ಹೆಸರು ಕೊಟ್ಟಿಲ್ಲ. ಇನ್ನು ಮುಂದೆಯೂ ಕೊಡಲ್ಲ. ಬೇಕಾದ್ರೆ ಬೈಕೋ. ನೀನು ಅವಳ ಮೇಲೆ ಕೂತು ಹಾರೋದನ್ನ ನೋಡೋಕೆ ನನಗಿಂತ ಆಸೆ ಇನ್ಯಾರಿಗಿತ್ತು ಹೇಳು. ಆದ್ರೆ ಅವಳು ನೋವು ನುಂಗಿಕೊಂಡು ಹಾರೋದು, ನಾನು ನಿಂತು ಚಪ್ಪಾಳೆ ತಟ್ಟೋದು, ನನ್ನ ಕೈಲಾಗಲ್ಲ. ಈಗ ಪಕ್ಕದ ಮನೆ ದರ್ಜಿಯ ಅವಳಿ ಮಕ್ಕಳನ್ನ ಬೆನ್ನ ಮೇಲೆ ಹೊತ್ತು ಅಂಗಳ ಸುತ್ತುತ್ತಾಳೆ. ಗತ್ತಿಗೇನೂ ಕಡಿಮೆಯಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಇದ್ದರೆ ಹಗಲು ಫೋನು ಆಫ್ ಮಾಡಿ ಮಲಗು. ರೋಗಿಗಳ ಕಷ್ಟ ನೋಡಿ ನೋಡಿ ನೀನು ಕರಗಿ ಹೋಗಬೇಡ. ನೂರ್ಕಾಲ ನಗ್ತಾ ಬಾಳು ತಾಯಿ.

ನಿನ್ನ
ಅಕ್ಕ

ತಾ.ಕ.: ಉತ್ತರ ತಡವಾಗಿದ್ದು ಕುದುರೆಯ ಕಾಲಿನಿಂದಲ್ಲ. ಡಾಕ್ಟರು ಹೇಳಿ ಮೂರು ವಾರವಾಯ್ತು. ಅಮ್ಮ ಹೋದಮೇಲೆ ನೀನು ಈ ಮನೆಗೆ ಬಂದಿದ್ದೆಲ್ಲ ಪ್ರದರ್ಶನದ ಹಿಂದಿನ ದಿನ, ಹೊರಟಿದ್ದೆಲ್ಲ ಮರುದಿನ. ಇದ್ದಷ್ಟು ಹೊತ್ತೂ ಲಾಯದಲ್ಲೇ. ಹೇಗೋ ಬರ್ತಾಳಲ್ಲ ಅಂತ ನಾನು ಅಷ್ಟಕ್ಕೇ ಖುಷಿಪಡ್ತಿದ್ದೆ. ಡಾಕ್ಟರು ಸಾಕು ಅಂದ ದಿನ ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ಕುದುರೆಗಾಗಿ ಅಳ್ತಿದ್ದಾಳೆ ಅಂದುಕೊಂಡು ನಿನ್ನ ಭಾವ ಸಮಾಧಾನ ಮಾಡಿದರು. ಇನ್ಮೇಲೆ ನಿನ್ನ ಕರೆಸೋಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಇಲ್ಲಿ ನಾನಿದ್ದೀನಿ, ಅಷ್ಟೇ. ಅಷ್ಟಕ್ಕೆ ಬರ್ತೀಯಾ?