ಅಳಿಯನಿಗೆ ಮಾತು ಕೊಟ್ಟ ಹುಂಜ

ನವೆಂಬರ್ ೯, ಬೆಳಿಗ್ಗೆ

ಕಾಳಗದ ಹುಂಜಗಳಿಗೆ ನೆನೆಸುವ ಬಾದಾಮಿ ಖಾಲಿ. ಭೀಮವರಂನಿಂದ ತರಿಸಬೇಕು. ಮರಿಗಳಿಗೆ ಸಜ್ಜೆ ಹಾಕಿದ್ದಾಯಿತು. ಕರಿಮರಿ ಮುಂದೆ ಬಂದರೆ ಉಳಿದವು ತಾವಾಗಿ ಹಿಂದೆ ಸರಿಯುತ್ತವೆ. ಎರಡು ತಿಂಗಳ ಮರಿಗೆ ಅದೆಂಥ ನಿಲುವು! ಮುತ್ತಿನಂಥ ಬಿಳಿ ಕಣ್ಣು, ಗಂಟು ಜುಟ್ಟು, ದಪ್ಪ ಕಾಲು. ಅಪ್ಪಟ ಕಾಕಿ, ಕಾಳಗದ ಕರಿಕೋಳಿ ಜಾತಿ. ನಮ್ಮ ತಾತನ ಕಾಲದ ತಳಿ. ಮತ್ತು ಹುಂಜ. ನನ್ನ ಕಣ್ಣು ತಪ್ಪಿದ್ದಿಲ್ಲ.

ಸುಭದ್ರ ಅಡುಗೆಮನೆಯಿಂದಲೇ ಕೊಂಕು ತೆಗೆದಳು. "ಏನೂಂದ್ರೆ, ನಂಗ್ಯಾಕೋ ಹೇಂಟೆ ಥರ ಕಾಣುತ್ತೆ." ನೀನು ಏಡಿ ಸಾರು ನೋಡ್ಕೋ ಎಂದೆ. ಹೆಂಡತಿಯಾಗಿ ಇಷ್ಟು ವರ್ಷವಾದರೂ ಕೋಳಿ ವಿದ್ಯೆ ಅಂಟಲಿಲ್ಲ.

ಮಗಳು ಹಿಮಜಳಿಗೂ ತೋರಿಸಿದೆ. ಮರಿ ಎತ್ತಿಕೊಂಡಳು, ರೆಕ್ಕೆ ಬಿಡಿಸಿದಳು, ಬಾಲ ನೋಡಿದಳು, ವಾಪಸು ಕೊಟ್ಟಳು. "ನೀವು ಹುಂಜ ಅಂದ್ಮೇಲೆ ಮುಗೀತಲ್ಲ ನಾನ್ನಾ." ಬುದ್ಧಿವಂತೆ.

ನವೆಂಬರ್ ೨೧

ಮದುವೆ ಮುಗಿಯಿತು. ಹಿಮಜ ಹೋದಳು. ಮನೆ ತುಂಬ ಹೂವಿನ ಕಸ.

ಊಟದ ಪಂಕ್ತಿಯಲ್ಲಿ ಬೀಗರೆಲ್ಲ ಕೇಳುವಂತೆ ಹೇಳಿದೆ— ಮೊದಲ ಸಂಕ್ರಾಂತಿಗೆ ಅಳಿಯ ಪ್ರಸನ್ನವರ್ಮನಿಗೆ ಈ ಕರಿಹುಂಜವೇ ಉಡುಗೊರೆ. ಮರಿಯನ್ನು ತರಿಸಿ, ಕಾಲಿಗೆ ಅರಿಶಿನದ ದಾರ ಕಟ್ಟಿದೆ. ಎಲ್ಲರೂ ಫೋಟೋ ತೆಗೆದರು. ನಮ್ಮ ಹಿತ್ತಲಿನ ಕೋಳಿ ಸಿಗುವುದು ಅಂದರೆ ಹುಡುಗಾಟವೇ! ಹುಂಜವಾದರೂ ಆಗೊಮ್ಮೆ ಈಗೊಮ್ಮೆ ಹೊರಗೆ ಹೋಗುತ್ತದೆ. ಹೇಂಟೆ ಹೋದದ್ದೇ ಇಲ್ಲ. ಮೊಟ್ಟೆ ಕೂಡ. ತಾತನ ಕಟ್ಟಳೆ. ಹೇಂಟೆ ಕೊಟ್ಟರೆ ತಳಿಯನ್ನೇ ಕೊಟ್ಟ ಹಾಗೆ. ಒಂದು ಹೇಂಟೆ ಕೊಡಲಿಲ್ಲವೆಂದು ನನ್ನ ಸ್ವಂತ ಭಾವಮೈದುನ ಮಾತು ಬಿಟ್ಟ. ಬಿಡಲಿ.

ಡಿಸೆಂಬರ್ ೨೪

ಜೊತೆಯ ಹುಂಜಗಳಿಗೆಲ್ಲ ಬೆನ್ನ ಮೇಲೆ ಚೂಪು ಗರಿ ಮೂಡುತ್ತಿದೆ. ಒಂದಂತೂ ಕೂಗುವುದಕ್ಕೂ ಶುರು. ಕರಿಮರಿ ಮಾತ್ರ ಸುಮ್ಮನೆ. ನಮ್ಮ ತಳಿಯಲ್ಲಿ ಕೆಲವು ತಡ. ಹಾಗೆಂದು ಸುಭದ್ರಳಿಗೆ ಹೇಳಿದೆ.

"ಹೌದೌದು, ಮೊಟ್ಟೆ ಇಟ್ಮೇಲೆ ಕೂಗುತ್ತೆ ಬಿಡಿ."

ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ.

ಜನವರಿ ೬

ಬಿಸಿಲಿಗೆ ಹಿಡಿದು ಗರಿ ಬಿಡಿಸಿ ನೋಡಿದೆ. ಕುತ್ತಿಗೆ, ಬೆನ್ನು, ಎಲ್ಲ ಕಡೆ ದುಂಡು ಗರಿ. ಒಂದಾದರೂ ಚೂಪು ಇರಬಾರದೇ... ಇಲ್ಲ.

ಹೇಂಟೆ.

ತಪ್ಪಿದ್ದು ನಾನು. ಈ ಬಂಗಾರ್ರಾಜು!

ಕೊಟ್ಟರೆ ತಾತನ ತಳಿ ಬೀಗರ ಹಿತ್ತಲಿಗೆ. ಕೊಡದಿದ್ದರೆ ಅಷ್ಟು ಜನರ ಮುಂದೆ ಆಡಿದ ಮಾತು ಮಣ್ಣುಪಾಲು. ಬೇರೆ ಕರಿಹುಂಜದ ಕಾಲಿಗೆ ದಾರ ಕಟ್ಟಿದರೆ ಯಾರಿಗೆ ಗೊತ್ತಾಗುತ್ತದೆ? ಛೀ, ಅಳಿಯನಿಗೆ ಮೋಸವೇ? ಊಟ ಸೇರುತ್ತಿಲ್ಲ.

ಜನವರಿ ೧೪, ಭೋಗಿ

ಮಗಳು ಅಳಿಯ ನಿನ್ನೆ ಬಂದರು. ವರ್ಮನ ಎಲೆಯಲ್ಲಿ ಪೂತರೇಕು, ಅರಿಸೆ, ಸಿಹಿ ಬಡಿಸಿದಷ್ಟೂ ಜಾಗ ಸಾಲದು.

ಭೋಗಿ ಬೆಂಕಿ ಆರಿದ ಮೇಲೆ ಹಿಮಜಳನ್ನು ಹಿತ್ತಲಿಗೆ ಕರೆದೆ. "ಅದು ಹೇಂಟೆ ಕಣಮ್ಮ. ಬೇರೆ ಹುಂಜ ಕೊಡ್ತೀನಿ, ನಿನ್ನ ಗಂಡಂಗೆ ನೀನೇ ಹೇಗಾದ್ರೂ ಹೇಳು."

"ಗೊತ್ತು ನಾನ್ನಾ."

"ಯಾವಾಗಿಂದ?"

"ನೀವು ತೋರಿಸಿದ ದಿನದಿಂದ. ಅಣ್ಣತಮ್ಮಂದಿರೆಲ್ಲ ಮೋಟು ಬಾಲದಲ್ಲಿ ಓಡಾಡ್ತಿದ್ದಾಗ ಇದಕ್ಕೆ ಬಾಲದ ಗರಿ ಪೂರ್ತಿ ಬಂದಿತ್ತು. ನೀವು ನಿಲುವು ನೋಡಿ ಮರುಳಾದ್ರಿ, ಬಾಲ ನೋಡ್ಲೇ ಇಲ್ಲ."

"ಮತ್ತೆ ಮದುವೆ ಪಂಕ್ತೀಲಿ ನಾನು ಮಾತು ಕೊಡುವಾಗ ಬಾಯಿ ಬಿಡ್ಲಿಲ್ಲ ಯಾಕೆ?"

"ಬಿಟ್ಟಿದ್ರೆ ಕೊಡ್ತಿದ್ರಾ?"

ಮೈ ಉರಿಯಿತು. "ನಮ್ಮನೆ ಹೇಂಟೆ ಹೊಸ್ತಿಲು ದಾಟಲ್ಲ, ಗೊತ್ತಿಲ್ವೇನೇ!"

"ನನ್ನನ್ನ ದಾಟಿಸಿದ್ರಲ್ಲ." ದನಿ ಏರಿಸಲಿಲ್ಲ. "ಒಂದೇ ವಾರದಲ್ಲಿ ಗಂಡು ಒಪ್ಪಿ ಮುಗಿಸಿದ್ರಿ. ಈ ಕೋಳಿಗೆ ಊಟ ಬಿಟ್ಟು ಕೂತಿದ್ದೀರಂತೆ, ಅಮ್ಮ ಹೇಳಿದ್ಳು. ತಾತನ ತಳಿ ನಂದೂ ಅಲ್ವಾ ನಾನ್ನಾ?"

ಎದೆಗೆ ನಾಟಿತು. ಕೆರೆಯ ದಂಡೆಗೆ ಹೋಗಿ ಕುಳಿತೆ. ಅತ್ತುಬಿಟ್ಟೆ. ಬರೆದುಕೊಳ್ಳುವುದಕ್ಕೆ ನಾಚಿಕೆಯೇನು.

ಆಮೇಲೆ ಹೊಳೆಯಿತು. ಅವಳಿಗೆ ಯಾವತ್ತೂ ಕಲಿಸಿದವನಲ್ಲ ನಾನು. ಹೆಣ್ಣುಮಗುವಿಗೆ ಯಾಕೆ ಅಂತ. ಆದರೂ ನೋಡಿ ನೋಡಿ ಕಲಿತಿದ್ದಾಳೆ. ನನಗೆ ಕಾಣದ್ದು ಅವಳಿಗೆ ಕಂಡಿತು. ಅಳುತ್ತಿದ್ದವನಿಗೆ ನಗು ಬಂತು. ಎಂಥ ಕಣ್ಣು ಹುಡುಗಿಯದು!

ಜನವರಿ ೧೭

ಹೊರಟು ನಿಂತಾಗ ಬೀದಿಯವರೆಲ್ಲ ಸೇರಿದ್ದರು. ಕರಿಹೇಂಟೆಯನ್ನು ಎತ್ತಿಕೊಂಡು ಬಂದು ಗಟ್ಟಿಯಾಗಿಯೇ ಹೇಳಿದೆ. "ಹುಂಜ ಅಂದಿದ್ದೆ. ಇದು ಹೇಂಟೆ. ನಾನು ತಪ್ಪಿದೆ, ನನ್ನ ಮಗಳು ತಪ್ಪಲಿಲ್ಲ. ಇದು ಅಳಿಯನಿಗಲ್ಲ, ಹಿಮಜಳಿಗೆ."

ಯಾರಾದರೂ ನಗುತ್ತಾರೆಂದು ಕಾದೆ. ವರ್ಮನೊಬ್ಬನೇ ಗೊಣಗಿದ್ದು— "ಹಾಗಾದ್ರೆ ನನ್ನ ಹುಂಜ ಎಲ್ಲಿ ಮಾವಾ?" ಅದಕ್ಕೆ ಎಲ್ಲರೂ ನಕ್ಕರು. ಹಿತ್ತಲಿನಲ್ಲಿ ಯಾವುದು ಬೇಕೋ ಆರಿಸಿಕೋ ಎಂದೆ. ಆರಿಸಿಕೊಟ್ಟವಳು ಹಿಮಜ. ಸರಿಯಾದದ್ದನ್ನೇ ಹಿಡಿದಳು, ನನ್ನ ಹೊಟ್ಟೆ ಉರಿಯುವಂತೆ.

ಆಗಸ್ಟ್ ೩, ಸಂಜೆ. ಕೋನಸೀಮೆ, ಮಗಳ ಮನೆ

ಕರಿಹೇಂಟೆ ಮರಿ ಮಾಡಿದೆ ಎಂದು ಫೋನ್ ಬಂದಿತ್ತು. ತಡೆಯಲಾರದೆ ಬಂದೆ. ಬಸ್ಸಿಳಿದು ಟೀ ಅಂಗಡಿಯಲ್ಲಿ ವರ್ಮನ ಮನೆ ಕೇಳಿದೆ. ಬುಟ್ಟಿ ಹಿಡಿದ ಹೆಂಗಸೊಬ್ಬಳು, "ಬನ್ನಿ, ನಾನೂ ಅಲ್ಲಿಗೇ," ಎಂದಳು. "ಈ ಮರಿ ಹೆಣ್ಣೋ ಗಂಡೋ ಹಿಮಜಮ್ಮಂಗೆ ತೋರಿಸ್ಬೇಕು. ಆ ತಾಯಿ ಏನಂದ್ರೆ ಅದು ತಪ್ಪಲ್ಲ. ನೀವೂ ಮರಿ ತಂದಿದ್ದೀರಾ ಅಯ್ಯಾ?"

"ಇಲ್ಲಮ್ಮ," ಎಂದೆ. "ನಾನು ಹಿಮಜಮ್ಮನ ಅಪ್ಪ."

ಈ ಮಾತು ಆಡುವಾಗ ಎದೆ ಉಬ್ಬಿದಷ್ಟು ಯಾವ ಹುಂಜ ಗೆದ್ದಾಗಲೂ ಉಬ್ಬಿರಲಿಲ್ಲ. ದಾರಿಯುದ್ದಕ್ಕೂ ಅವಳು ಮಾತಾಡಿದಳು, ನಾನು ಕೇಳಿಸಿಕೊಂಡೆನೋ ಇಲ್ಲವೋ.

ಹಿತ್ತಲಿನಿಂದ ಕೂಗುತ್ತಿದ್ದಾಳೆ. ಒಂದು ಮರಿ ಹೆಣ್ಣೋ ಗಂಡೋ ಅನುಮಾನವಂತೆ, ನಾನು ನೋಡಬೇಕಂತೆ. ಅವಳಿಗೆ ಅನುಮಾನವೇ? ಅಪ್ಪನ ಮನಸ್ಸಿಗಾಗಿ ಕರೆಯುತ್ತಿದ್ದಾಳೆ, ಕಳ್ಳಿ. ಇರಲಿ. ಈ ಸಲ ಮೊದಲು ಬಾಲ ನೋಡಿ, ಆಮೇಲೆ ಬಾಯಿ ಬಿಡುತ್ತೇನೆ.