ಟಕ್ ಅನ್ನದ ಮುಚ್ಚಳ

ತಮ್ಮಾ,

ಕಾರನ್ನು ಇವತ್ತು ಗ್ಯಾರೇಜಿಗೆ ಬಿಡಬೇಡ. ಕೀಲಿ ಸಕ್ಕರೆ ಡಬ್ಬಿಯ ಹಿಂದಿದೆ, ಬೇಕೆಂದೇ ಬಚ್ಚಿಟ್ಟೆ.

ಸ್ಟೀರಿಂಗ್ ಮುಂದಿನ ಇಂಜಿನ್ ದೀಪ ಹತ್ತಿದ್ದಕ್ಕೆ ಮೆಕ್ಯಾನಿಕ್ "ಇಂಜಿನ್ನೇ ಬಿಚ್ಚಬೇಕು, ವಾರ ಹಿಡಿಯುತ್ತೆ, ಖರ್ಚೂ ಜಾಸ್ತಿ" ಅಂದನಂತೆ, ನೀನು ಕೋಲೆಬಸವನ ಹಾಗೆ ತಲೆಯಾಡಿಸಿ ಬಂದೆಯಂತೆ. ಭಾನುವಾರ ಅಮ್ಮನನ್ನು ತಂಗಿಯ ಮಗು ನೋಡಲು ಹೇಗೆ ಕರೆದೊಯ್ಯುತ್ತೀಯ, ಹೆಗಲ ಮೇಲೆ ಕೂರಿಸಿಕೊಂಡೇ?

ಇಂಜಿನ್ ಸದ್ದಿನಲ್ಲಿ ನನಗೆ ಎಲ್ಲೂ ತಾಳ ತಪ್ಪಿದ್ದು ಕೇಳಿಸಿಲ್ಲ. ಆದರೆ ಮೊನ್ನೆ ಬಂಕಿನಲ್ಲಿ ನೀನು ಫೋನಿನಲ್ಲಿ ಹರಟುತ್ತಾ ಪೆಟ್ರೋಲ್ ಮುಚ್ಚಳ ತಿರುಗಿಸಿದೆಯಲ್ಲ, ಅದು ಟಕ್ ಅನ್ನಲೇ ಇಲ್ಲ. ಆಗ ನಾನು ಕಾರಿನಲ್ಲಿ ಕೂತು ಅಭ್ಯಾಸಕ್ಕೆಂದು ಪದ್ಯ ಹೇಳಿಕೊಳ್ಳುತ್ತಿದ್ದೆ. ನಡುವೆ ನಿಲ್ಲಿಸಬಾರದೆಂದು ಆಮೇಲೆ ಹೇಳೋಣ ಅಂದುಕೊಂಡೆ, ಮುಗಿಯುವಷ್ಟರಲ್ಲಿ ಮರೆತೇಬಿಟ್ಟೆ. ಮುಚ್ಚಳ ಸಡಿಲವಿದ್ದರೂ ಆ ದೀಪ ಹತ್ತುತ್ತದೆಂದು ನಮ್ಮ ಆಫೀಸಿನ ಡ್ರೈವರ್ ನಿನ್ನೆ ಹೇಳಿದ.

ಈಗಷ್ಟೇ ಹೋಗಿ ನೋಡಿದೆ. ಮುಚ್ಚಳ ಕೈಯಲ್ಲಿ ಗಿರಗಿರನೆ ತಿರುಗಿತು. ಬಿಗಿ ಮಾಡಿದ್ದೇನೆ. ದೀಪ ತಕ್ಷಣ ಆರುವುದಿಲ್ಲವಂತೆ, ಎರಡು ಮೂರು ದಿನ ಓಡಿಸಿ ನೋಡು. ಆರದಿದ್ದರೆ ಬೇರೆ ಗ್ಯಾರೇಜಿನಲ್ಲಿ ತೋರಿಸೋಣ.

ಭಾನುವಾರ ನಾನೂ ಬರುತ್ತೇನೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ನಾನು ಪದ್ಯ ಹೇಳುವುದಿಲ್ಲ, ನೀನು ಫೋನನ್ನು ಅಮ್ಮನ ಕೈಗೆ ಕೊಡು. ಟಕ್ ಅನ್ನುವುದನ್ನು ಮೂವರೂ ಕೇಳಿಸಿಕೊಂಡೇ ಹೊರಡೋಣ.

ಅಕ್ಕ